ತಾಯಿಗೆ ಮೂರು ದಿನದ ಜ್ವರ

ಹುಟ್ಟಿದ ಮಗುವಿನ ತಲೆಯ ಸುತ್ತಳತೆ ತೆಗೆಯುವುದು ಹೆರಿಗೆ ವಾರ್ಡಿನ ದಿನನಿತ್ಯದ ಕೆಲಸ. ನರ್ಸ್ ಟೇಪನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ, ಬಂದ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ತಿಂಗಳು ತುಂಬಿ ಹುಟ್ಟಿದ ಮಗುವಾದರೆ ಆ ಸಂಖ್ಯೆ 34 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. 2015ರ ಆಗಸ್ಟ್ ಹೊತ್ತಿಗೆ ಈಶಾನ್ಯ ಬ್ರೆಜಿಲ್‌ನ ಕರಾವಳಿ ನಗರ ರೆಸಿಫೆಯಲ್ಲಿ ಹುಟ್ಟಿದ ಕೆಲವು ಮಕ್ಕಳಲ್ಲಿ ಅದು 30ನ್ನೂ ಮುಟ್ಟಲಿಲ್ಲ.

ಆ ನಗರದ ಮಕ್ಕಳ ನರರೋಗ ತಜ್ಞೆ ವನೆಸ್ಸಾ ವಾನ್ ಡೆರ್ ಲಿಂಡೆನ್ ಅವರಿಗೆ ತಲೆ ಸಣ್ಣದಾಗಿರುವ ಮಕ್ಕಳು ಹೊಸತಲ್ಲ. ಮೈಕ್ರೊಸೆಫಲಿ ಅಪರೂಪವಾದರೂ ಗೊತ್ತಿರುವ ಸಮಸ್ಯೆಯೇ; ಇಡೀ ಬ್ರೆಜಿಲ್‌ನಲ್ಲಿ ವರ್ಷಕ್ಕೆ ಸುಮಾರು 150 ಮಕ್ಕಳಲ್ಲಿ ಅದು ದಾಖಲಾಗುತ್ತಿತ್ತು. ಆದರೆ ಈ ಮಕ್ಕಳ ಸಿ.ಟಿ. ಸ್ಕ್ಯಾನ್ ಬೇರೆಯದೇ ಕಥೆ ಹೇಳುತ್ತಿತ್ತು. ಮಿದುಳಿನ ತುಂಬ ಸುಣ್ಣದ ಅಂಶ ಗಟ್ಟಿಯಾಗಿ ಕೂತ ಬಿಳಿ ಚುಕ್ಕೆಗಳು. ಮಡಿಕೆಗಳಿರಬೇಕಾದ ಮೇಲ್ಮೈ ನುಣ್ಣಗೆ. ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಏರಿ, ನೆತ್ತಿಯ ಚರ್ಮ ಮಡಿಕೆ ಮಡಿಕೆಯಾಗಿ ಮಿಕ್ಕಿತ್ತು. ಚರ್ಮ ಮಿಕ್ಕಿದೆ ಎಂದರೆ ತಲೆ ಒಂದು ಹಂತದವರೆಗೆ ಬೆಳೆದಿತ್ತು, ಆಮೇಲೆ ಒಳಗಿನ ಮಿದುಳು ನಾಶವಾಗಿ ಬುರುಡೆ ಕುಸಿದಿತ್ತು ಎಂದರ್ಥ. ರುಬೆಲ್ಲಾ, ಸಿಫಿಲಿಸ್, ಟಾಕ್ಸೊಪ್ಲಾಸ್ಮಾ, ಸೈಟೊಮೆಗಾಲೊ ವೈರಸ್ ಹೀಗೆ ಭ್ರೂಣಕ್ಕೆ ಹಾನಿ ಮಾಡುವ ಪರಿಚಿತ ಸೋಂಕುಗಳ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು. ವನೆಸ್ಸಾ ಇನ್ನೂ ಯೋಚಿಸುತ್ತಿರುವಾಗಲೇ ಅವರ ತಾಯಿ ಆನಾ ಫೋನ್ ಮಾಡಿದರು. ಆನಾ ಕೂಡ ಮಕ್ಕಳ ನರರೋಗ ತಜ್ಞೆ, ಬೇರೊಂದು ಆಸ್ಪತ್ರೆಯಲ್ಲಿದ್ದವರು. ಅಂದು ಒಂದೇ ದಿನ ಅವರು ಇಂಥ ಏಳು ಮಕ್ಕಳನ್ನು ನೋಡಿದ್ದರು.

ತಾಯಂದಿರನ್ನು ಕೂರಿಸಿ ಕೇಳಿದಾಗ ಒಂದು ಮಾತು ಮತ್ತೆ ಮತ್ತೆ ಬಂತು. ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ಗಂಧೆ ಎದ್ದಿತ್ತು, ಸ್ವಲ್ಪ ಜ್ವರ, ಕೀಲುನೋವು, ಕಣ್ಣು ಕೆಂಪು. ಮೂರ್ನಾಲ್ಕು ದಿನದಲ್ಲಿ ತಾನಾಗಿಯೇ ಇಳಿದಿತ್ತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಈಶಾನ್ಯ ಬ್ರೆಜಿಲ್‌ನ ಊರೂರಲ್ಲೂ ಹರಡಿದ್ದ, ಡೆಂಗಿಯ ತಂಗಿ ಎಂಬಂತೆ ಎಲ್ಲರೂ ಹಗುರವಾಗಿ ಕಂಡಿದ್ದ ಜ್ವರ ಅದು. ಮೇ ತಿಂಗಳಲ್ಲಿ ಅದರ ಹೆಸರು ಖಚಿತವಾಗಿತ್ತು: ಝೀಕಾ.

ಈ ವೈರಸ್ ಪತ್ತೆಯಾಗಿ ಅಷ್ಟರಲ್ಲಿ 68 ವರ್ಷ ಕಳೆದಿತ್ತು. ಉಗಾಂಡಾ ದೇಶದ ಎಂಟೆಬೆ ಬಳಿಯ ಝೀಕಾ ಕಾಡಿನಲ್ಲಿ ಹಳದಿ ಜ್ವರದ ಜಾಡು ಹಿಡಿಯಲು ವಿಜ್ಞಾನಿಗಳು ಮರದ ಮೇಲಿನ ಅಟ್ಟಣೆಗಳಲ್ಲಿ ರೀಸಸ್ ಕೋತಿಗಳನ್ನು ಪಂಜರದಲ್ಲಿಟ್ಟಿದ್ದರು. 1947ರ ಏಪ್ರಿಲ್‌ನಲ್ಲಿ 766ನೇ ಸಂಖ್ಯೆಯ ಕೋತಿಗೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ, ಯಾರೂ ಕಂಡಿರದ ವೈರಸ್. ಮರುವರ್ಷ ಅದೇ ಕಾಡಿನ ಸೊಳ್ಳೆಯಲ್ಲೂ ಅದು ಸಿಕ್ಕಿತು. 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾದಾಗ ಭಾರತೀಯರ ರಕ್ತದ ಮಾದರಿಗಳನ್ನು ಪರೀಕ್ಷಿಸಿದವರಿಗೆ ಝೀಕಾ ವಿರುದ್ಧದ ಪ್ರತಿಕಾಯಗಳು ಕೆಲವರಲ್ಲಿ ಕಂಡವು. ಐದು ವರ್ಷದ ನಂತರ ಮಲೆನಾಡಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಗುರುತಿಸಿದ್ದೂ ಇದೇ ಸಂಸ್ಥೆ. ಮಂಗನ ಕಾಯಿಲೆ, ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್, ಝೀಕಾ ಎಲ್ಲವೂ ಫ್ಲಾವಿವೈರಸ್ ಎಂಬ ಒಂದೇ ಕುಟುಂಬದವು. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಕಾಣಿಸಿಕೊಳ್ಳುವುದುಂಟು. ಹಾಗಾಗಿ ಪುಣೆಯ ಆ ಹಳೆಯ ಫಲಿತಾಂಶವನ್ನು ಇಂದಿಗೂ ಎಚ್ಚರದಿಂದಲೇ ಓದಬೇಕು.

ಆಮೇಲೆ ದಶಕಗಳ ಕಾಲ ಝೀಕಾದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಯಾರನ್ನೂ ಕೊಲ್ಲದ, ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರದ ವೈರಸ್‌ಗೆ ಹಣ ಸುರಿಯುವವರು ಯಾರು? 2007ರಲ್ಲಿ ಪೆಸಿಫಿಕ್ ಸಾಗರದ ಯಾಪ್ ದ್ವೀಪದಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಸೋಂಕು ತಗುಲಿತು, ಯಾರೂ ಸಾಯಲಿಲ್ಲ. 2013ರ ಕೊನೆಯಲ್ಲಿ ಅದು ಫ್ರೆಂಚ್ ಪಾಲಿನೇಷ್ಯಾ ಮುಟ್ಟಿತು. ಅಲ್ಲಿ ಮೊದಲ ಬಾರಿ ನರಗಳ ತೊಂದರೆ ಕಂಡುಬಂತು, ಆ ವಿಷಯ ಮುಂದೆ ಬರುತ್ತದೆ. ಬಸಿರಿಗೂ ಝೀಕಾಕ್ಕೂ ಇರುವ ನಂಟು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ದ್ವೀಪಗಳು ಚಿಕ್ಕವು, ಹೆರಿಗೆಗಳೂ ಕಡಿಮೆ. ರೆಸಿಫೆಯಂಥ ದೊಡ್ಡ ನಗರದಲ್ಲಿ ಸಾವಿರಾರು ಬಸುರಿಯರಿಗೆ ಒಟ್ಟಿಗೇ ಸೋಂಕು ತಗುಲಿದಾಗ ಮಾತ್ರ ಅದು ಎದ್ದು ಕಂಡಿತು.

ನಂಟು ಕಂಡಿತೆಂದರೆ ಕಾರಣ ಸಿಕ್ಕಿತೆಂದಲ್ಲ. ಪಕ್ಕದ ಪರೈಬಾ ರಾಜ್ಯದ ಕಾಂಪಿನಾ ಗ್ರಾಂಡೆಯಲ್ಲಿ ಆಡ್ರಿಯಾನಾ ಮೆಲೊ ಎಂಬ ಪ್ರಸೂತಿ ತಜ್ಞೆ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಮಿದುಳು ಹಾಳಾಗಿರುವುದನ್ನು ಕಂಡು, ಇಬ್ಬರು ಗರ್ಭಿಣಿಯರ ಗರ್ಭಕೋಶದ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಿದರು. 2015ರ ನವೆಂಬರ್‌ನಲ್ಲಿ ಉತ್ತರ ಬಂತು: ಎರಡರಲ್ಲೂ ಝೀಕಾ. ಅದೇ ತಿಂಗಳು ಬ್ರೆಜಿಲ್ ಸರ್ಕಾರ ತುರ್ತುಸ್ಥಿತಿ ಸಾರಿತು. ವಿಶ್ವ ಆರೋಗ್ಯ ಸಂಸ್ಥೆ 2016ರ ಫೆಬ್ರವರಿ 1ರಂದು ಅದನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿ ಎಂದಿತು. ಇನ್ನೊಂದು ಸಾಕ್ಷ್ಯ ಸಿಕ್ಕಿದ್ದು ದೂರದ ಯುರೋಪಿನಲ್ಲಿ. ಬ್ರೆಜಿಲ್‌ನ ನತಾಲ್ ನಗರದಲ್ಲಿದ್ದ ಯುರೋಪಿನ ಮಹಿಳೆಯೊಬ್ಬರಿಗೆ ಬಸುರಿನ 13ನೇ ವಾರದಲ್ಲಿ ಜ್ವರ, ಗಂಧೆ ಬಂದಿತ್ತು. ಸ್ಲೊವೇನಿಯಾದಲ್ಲಿ ನಡೆದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮಿದುಳು ತೀವ್ರವಾಗಿ ಹಾಳಾಗಿರುವುದು ತಿಳಿದು, ಅವರ ಕೋರಿಕೆಯಂತೆ 32ನೇ ವಾರದಲ್ಲಿ ಗರ್ಭಪಾತ ಮಾಡಲಾಯಿತು. ಆ ಮಿದುಳಿನ ತೂಕ ಕೇವಲ 84 ಗ್ರಾಂ. ಮಡಿಕೆಗಳು ಇಲ್ಲವೆನ್ನುವಷ್ಟು ಕಡಿಮೆ. ಅಂಗಾಂಶದಲ್ಲಿ ವೈರಸ್ ಹೇರಳವಾಗಿತ್ತು.

ವೈರಸ್ ಅಲ್ಲಿಗೆ ತಲುಪುವುದೇ ಸುಲಭವಲ್ಲ. ತಾಯಿಯ ರಕ್ತ ಮಗುವಿನ ರಕ್ತದ ಜೊತೆ ನೇರವಾಗಿ ಬೆರೆಯುವುದಿಲ್ಲ, ನಡುವೆ ಮಾಸು ಇದೆ. ಮಾಸಿನ ಹೊರಪದರದ ಕೋಶಗಳು ಹೆಚ್ಚಿನ ವೈರಸ್‌ಗಳನ್ನು ತಡೆಯುತ್ತವೆ, ಡೆಂಗಿಯಂಥ ಹತ್ತಿರದ ಸಂಬಂಧಿಯೂ ಹೀಗೆ ಹಾವಳಿ ಮಾಡಿದ್ದಿಲ್ಲ. ಝೀಕಾ ಮಾತ್ರ ಮಾಸಿನೊಳಗೆ ಕಾವಲಿಗಿರುವ ಹಾಫ್‌ಬಾವರ್ ಕೋಶಗಳಲ್ಲೇ ಕೂತು, ಅವನ್ನು ತಕ್ಷಣ ಕೊಲ್ಲದೆ, ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿಂದ ಭ್ರೂಣದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ.

ಆ ಹೊತ್ತಿಗೆ ಮಿದುಳು ಇನ್ನೂ ಕಟ್ಟುವ ಹಂತದಲ್ಲಿರುತ್ತದೆ. ಅದರ ಒಳಗೋಡೆಗೆ ಅಂಟಿಕೊಂಡು ರೇಡಿಯಲ್ ಗ್ಲಿಯಾ ಎಂಬ ಕೋಶಗಳು ಸಾಲಾಗಿ ನಿಂತಿರುತ್ತವೆ. ಇವಕ್ಕೆ ಎರಡು ಕೆಲಸ. ಒಂದು, ವಿಭಜನೆಗೊಂಡು ಹೊಸ ನರಕೋಶಗಳನ್ನು ಹುಟ್ಟಿಸುವುದು. ಇನ್ನೊಂದು, ಒಳಗೋಡೆಯಿಂದ ಹೊರಮೇಲ್ಮೈವರೆಗೆ ಒಂದು ಉದ್ದನೆಯ ಎಳೆ ಚಾಚುವುದು. ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಏರಲು ಕಟ್ಟಿದ ದಾರದಂತೆ ಈ ಎಳೆ. ಹೊಸದಾಗಿ ಹುಟ್ಟಿದ ನರಕೋಶ ಅದನ್ನು ಹಿಡಿದು ತೆವಳುತ್ತ ತನ್ನ ಜಾಗ ಸೇರುತ್ತದೆ. ಮಿದುಳಿನ ಹೊರಪದರದ ನರಕೋಶಗಳಲ್ಲಿ ಬಹುಪಾಲು ಬಸುರಿನ ಮೂರನೇ ತಿಂಗಳಿಂದ ಐದನೇ ತಿಂಗಳವರೆಗೆ ಹೀಗೆ ಹುಟ್ಟಿ, ಏರಿ, ನೆಲೆ ನಿಲ್ಲುತ್ತವೆ. ಝೀಕಾ ಹೆಚ್ಚಾಗಿ ಹೊಗುವುದು ಈ ರೇಡಿಯಲ್ ಗ್ಲಿಯಾಕ್ಕೇ. ಅದೊಂದು ಕೋಶ ಕೆಟ್ಟರೆ ಹುಟ್ಟಬೇಕಿದ್ದ ನರಕೋಶಗಳೂ ಇಲ್ಲ, ಹುಟ್ಟಿದವು ಏರಲು ದಾರಿಯೂ ಇಲ್ಲ. ಚಿಕ್ಕ ಮಿದುಳು, ಮಡಿಕೆಯಿಲ್ಲದ ಮೇಲ್ಮೈ, ಕೋಶಗಳು ಸತ್ತ ಜಾಗದಲ್ಲಿ ಕೂತ ಸುಣ್ಣ: ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲಕ್ಕೂ ಮೂಲ ಇಲ್ಲಿದೆ.

ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಕಣ್ಣಾರೆ ಕಂಡದ್ದು 2016ರಲ್ಲಿ. ಅಮೆರಿಕದ ಫ್ಲೋರಿಡಾ ಸ್ಟೇಟ್ ಮತ್ತು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಗಳ ತಂಡ ಮಾನವ ಕಾಂಡಕೋಶಗಳಿಂದ ಬೆಳೆಸಿದ ನರಪೂರ್ವ ಕೋಶಗಳಿಗೆ ಝೀಕಾ ಸೋಂಕಿಸಿದಾಗ, ಮೂರು ದಿನದೊಳಗೆ ಶೇ 65ರಿಂದ 90ರಷ್ಟು ಕೋಶಗಳಲ್ಲಿ ವೈರಸ್ ತುಂಬಿತ್ತು. ಕೋಶಗಳ ವಿಭಜನೆ ಅಸ್ತವ್ಯಸ್ತಗೊಂಡಿತ್ತು, ಹಲವು ಸತ್ತಿದ್ದವು. ಬಲಿತ ನರಕೋಶಗಳಲ್ಲಿ ಸೋಂಕು ಅಷ್ಟಾಗಿ ಹಬ್ಬಲಿಲ್ಲ. ರಿಯೊ ಡಿ ಜನೈರೊದಲ್ಲಿ ಪ್ಯಾಟ್ರಿಸಿಯಾ ಗಾರ್ಸೆಜ್, ಸ್ಟೀವನ್ಸ್ ರೆಹೆನ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಮಿದುಳಿನ ಮಾದರಿಗಳಿಗೆ ಸೋಂಕಿಸಿದಾಗ ಅವುಗಳ ಬೆಳವಣಿಗೆ ಶೇ 40ರಷ್ಟು ಕುಗ್ಗಿತು. ಅವರು ಡೆಂಗಿ ವೈರಸ್‌ನಿಂದಲೂ ಇದೇ ಪ್ರಯೋಗ ಮಾಡಿ ನೋಡಿದರು. ಡೆಂಗಿ ಕೋಶಗಳ ಒಳಹೊಕ್ಕರೂ ಈ ಹಾನಿ ಮಾಡಲಿಲ್ಲ. ಬ್ರೆಜಿಲ್‌ನಲ್ಲಿ ಕಂಡ ದುರಂತ ಝೀಕಾದ್ದೇ ಎನ್ನಲು ಈ ಹೋಲಿಕೆ ದೊಡ್ಡ ಆಧಾರವಾಯಿತು.

ಕೋಶದೊಳಗಿನ ಲೆಕ್ಕಾಚಾರವೂ ನಿಧಾನಕ್ಕೆ ಬಿಡಿಸಿಕೊಳ್ಳುತ್ತಿದೆ. ಝೀಕಾದ ವಂಶವಾಹಿ ಒಂದೇ ಎಳೆಯ ಆರ್‌ಎನ್‌ಎ, ಸುಮಾರು 10,800 ಅಕ್ಷರಗಳಷ್ಟು. ಅದರಿಂದ ತಯಾರಾಗುವ ಪ್ರೋಟೀನುಗಳು ಬರೀ ಹತ್ತು. ಅವುಗಳಲ್ಲಿ ಎನ್‌ಎಸ್4ಎ, ಎನ್‌ಎಸ್4ಬಿ ಎಂಬ ಎರಡು ಕೋಶದ ಬೆಳವಣಿಗೆಯ ಸಂಕೇತಜಾಲಕ್ಕೇ ಅಡ್ಡಗಾಲು ಹಾಕುತ್ತವೆ. ಎನ್‌ಎಸ್4ಎ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮನುಷ್ಯರಲ್ಲಿ ಆಂಕಲ್2 ಎಂಬ ಪ್ರೋಟೀನ್ ಇದೆ. ಅದರ ಜೀನ್ ದೋಷದಿಂದಲೇ ಕೆಲವು ಕುಟುಂಬಗಳಲ್ಲಿ ಮೈಕ್ರೊಸೆಫಲಿ ಬರುತ್ತದೆ. ವೈರಸ್‌ನ ಪ್ರೋಟೀನ್ ಹೋಗಿ ಕಚ್ಚಿಕೊಳ್ಳುವುದು ಇದನ್ನೇ. ಹುಟ್ಟಿನ ಜೀನ್ ದೋಷವೂ ಸೊಳ್ಳೆ ತಂದ ಸೋಂಕೂ ಒಂದೇ ಜಾಗದಲ್ಲಿ ಮಿದುಳಿನ ಬೆಳವಣಿಗೆಯನ್ನು ಮುರಿಯುತ್ತವೆ ಎಂಬುದು ನರವಿಜ್ಞಾನಿಗಳಿಗೇ ಹೊಸ ಪಾಠ.

ಸೋಂಕು ತಗುಲಿದ ಪ್ರತಿ ಬಸುರಿಯ ಮಗುವಿಗೂ ಹೀಗಾಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ನೂರರಲ್ಲಿ 5ರಿಂದ 15 ಮಕ್ಕಳಲ್ಲಿ ಝೀಕಾಕ್ಕೆ ಸಂಬಂಧಿಸಿದ ತೊಂದರೆ ಕಾಣುತ್ತದೆ. ಮೊದಲ ಮೂರು ತಿಂಗಳಲ್ಲಿ ಸೋಂಕು ತಗುಲಿದರೆ ಅಪಾಯ ಹೆಚ್ಚು. ತಾಯಿಗೆ ಜ್ವರ ಜೋರಾಗಿತ್ತೋ, ಇರಲೇ ಇಲ್ಲವೋ ಎಂಬುದರಿಂದ ಮಗುವಿನ ಗತಿ ತಿಳಿಯುವುದಿಲ್ಲ. ಒಂದು ಗಂಧೆಯೂ ಏಳದ ತಾಯಿಯ ಮಗುವಿಗೂ ಪೆಟ್ಟು ಬಿದ್ದಿದೆ. ಟೇಪಿನ ಅಳತೆಯೊಂದನ್ನೇ ನಂಬುವುದೂ ತಪ್ಪು. ಸುತ್ತಳತೆ ಸರಿಯಿದ್ದು ಹುಟ್ಟಿದ ಕೆಲವು ಮಕ್ಕಳ ತಲೆ ತಿಂಗಳುಗಳು ಕಳೆದಂತೆ ಬೆಳೆಯದೇ ನಿಂತಿತು. ಇನ್ನು ಕೆಲವರಲ್ಲಿ ಕಣ್ಣಿನ ಅಕ್ಷಿಪಟಲದ ನಡುಭಾಗದಲ್ಲೇ ಕಲೆ. ಕೈಕಾಲಿನ ಕೀಲುಗಳು ಮಡಚಿಕೊಂಡು ಸೆಟೆದ ಮಕ್ಕಳೂ ಇದ್ದರು. ವನೆಸ್ಸಾ ಮತ್ತು ಸಹೋದ್ಯೋಗಿಗಳು ಅಂಥ ಮಕ್ಕಳನ್ನು ಪರೀಕ್ಷಿಸಿದಾಗ ಕೀಲುಗಳು ಸರಿಯಾಗಿಯೇ ರೂಪುಗೊಂಡಿದ್ದವು. ಅವನ್ನು ಆಡಿಸಬೇಕಾದ ನರಕೋಶಗಳು ಕೆಟ್ಟಿದ್ದವು. ಗರ್ಭದಲ್ಲಿ ಕೈಕಾಲು ಆಡಿಸದ ಮಗುವಿನ ಕೀಲು ಹಾಗೇ ಬಿಗಿದುಕೊಳ್ಳುತ್ತದೆ.

ದೊಡ್ಡವರ ನರಗಳಿಗೆ ಝೀಕಾ ಮಾಡುವ ಹಾನಿಯ ಬಗೆ ಬೇರೆ. ಫ್ರೆಂಚ್ ಪಾಲಿನೇಷ್ಯಾದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಬರುತ್ತಿದ್ದ ಗಿಲಾನ್-ಬಾರೆ ಸಿಂಡ್ರೋಮ್, ಝೀಕಾ ಹಬ್ಬಿದ ತಿಂಗಳುಗಳಲ್ಲಿ 42 ಜನರಿಗೆ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಜಿಬಿಎಸ್ ಎಂದೇ ಪರಿಚಿತವಾದ ಕಾಯಿಲೆಯಿದು. ಪಾದದಲ್ಲಿ ಜುಮುಗುಟ್ಟುವುದರಿಂದ ಶುರುವಾಗಿ ನಿಶ್ಶಕ್ತಿ ಮೇಲಕ್ಕೇರುತ್ತದೆ. ಮೆಟ್ಟಿಲು ಹತ್ತಲಾಗದವರು ಎರಡು ದಿನದಲ್ಲಿ ಹಾಸಿಗೆಯಿಂದ ಏಳಲಾಗದೆ ಹೋಗುತ್ತಾರೆ. ಉಸಿರಾಟದ ಸ್ನಾಯುಗಳನ್ನು ಮುಟ್ಟಿದರೆ ವೆಂಟಿಲೇಟರ್ ಬೇಕು; ಆ 42 ಜನರಲ್ಲಿ 12 ಮಂದಿಗೆ ಬೇಕಾಯಿತು. ಇಲ್ಲಿ ನರವನ್ನು ಕಡಿಯುವುದು ಹೆಚ್ಚಾಗಿ ವೈರಸ್ ಅಲ್ಲ, ಅದನ್ನು ಹುಡುಕಿ ಹೊರಟ ದೇಹದ್ದೇ ರೋಗನಿರೋಧಕ ಪಡೆ, ಗುರಿ ತಪ್ಪಿ. ಝೀಕಾ ಜ್ವರ ಬಂದು ಸುಮಾರು ಒಂದು ವಾರದೊಳಗೇ ಅಲ್ಲಿನವರ ಕಾಲು ಸೋಲತೊಡಗಿತ್ತು. ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ತಿಂಗಳುಗಟ್ಟಲೆ ಹಿಡಿದರೂ. ಅಲ್ಲಿ ಒಬ್ಬರೂ ಸಾಯಲಿಲ್ಲ. ಹೊಟ್ಟೆಯೊಳಗಿನ ಮಗುವಿಗೆ ಇಂಥ ಮರಳುವ ದಾರಿ ಇಲ್ಲ. ಹುಟ್ಟದೇ ಹೋದ ನರಕೋಶವನ್ನು ಯಾವ ಔಷಧಿಯೂ ತಂದುಕೊಡದು.

ಈಶಾನ್ಯ ಬ್ರೆಜಿಲ್‌ಗೇ ಏಕೆ ಈ ಪೆಟ್ಟು? ಉತ್ತರದ ಒಂದು ಭಾಗ ನಲ್ಲಿಯಲ್ಲಿದೆ. ಒಣನಾಡು, ಬಡ ಬಡಾವಣೆಗಳು, ದಿನಬಿಟ್ಟು ದಿನ ಬರುವ ನೀರು. ನೀರು ಬಂದಾಗ ಜನ ಡ್ರಮ್ಮು, ಬಕೆಟ್ಟು, ಸಿಮೆಂಟ್ ತೊಟ್ಟಿ ತುಂಬಿಸಿಡುತ್ತಾರೆ. ಝೀಕಾ, ಡೆಂಗಿ, ಚಿಕೂನ್‌ಗುನ್ಯಾ ಮೂರನ್ನೂ ಹೊರುವ ಈಡಿಸ್ ಇಜಿಪ್ಟೈ ಸೊಳ್ಳೆಗೆ ಬೇಕಾಗಿರುವುದು ಇಂಥ ನಿಂತ ತಿಳಿನೀರೇ. ಆದರೂ 2016ರ ಫೆಬ್ರವರಿಯಲ್ಲಿ ಒಂದು ಗಾಳಿಸುದ್ದಿ ಹಬ್ಬಿತು: ಮಕ್ಕಳ ಈ ಸ್ಥಿತಿಗೆ ಕಾರಣ ವೈರಸ್ ಅಲ್ಲ, ಸೊಳ್ಳೆಮರಿ ಕೊಲ್ಲಲು ಕುಡಿಯುವ ನೀರಿಗೆ ಹಾಕುವ ಪೈರಿಪ್ರಾಕ್ಸಿಫೆನ್ ಎಂದು. ರಿಯೊ ಗ್ರಾಂಡೆ ಡೊ ಸುಲ್ ರಾಜ್ಯ ಅದರ ಬಳಕೆಯನ್ನೇ ನಿಲ್ಲಿಸಿತು. ರೆಸಿಫೆ ನಗರಾಡಳಿತ ಆ ಔಷಧಿಯನ್ನು ಬಳಸುತ್ತಲೇ ಇರಲಿಲ್ಲ, ಅಲ್ಲೇ ಮಕ್ಕಳು ಅತಿ ಹೆಚ್ಚು ತೊಂದರೆಗೊಳಗಾಗಿದ್ದರು. ಸೆಲಿನಾ ತುರ್ಚಿ ಎಂಬ ಸೋಂಕುರೋಗ ತಜ್ಞೆಯ ತಂಡ ರೆಸಿಫೆಯ ಆಸ್ಪತ್ರೆಗಳಲ್ಲಿ ಮೈಕ್ರೊಸೆಫಲಿ ಇರುವ ಮಕ್ಕಳನ್ನೂ ಇಲ್ಲದವರನ್ನೂ ಜೊತೆಯಲ್ಲಿಟ್ಟು ಪರೀಕ್ಷಿಸಿ, ಝೀಕಾದ ನಂಟಿಗೆ ಗಟ್ಟಿ ಲೆಕ್ಕ ಒದಗಿಸಿತು. ಗಾಳಿಸುದ್ದಿಗೆ ಸರಿಯಾದ ಉತ್ತರ ಇಂಥ ತಾಳ್ಮೆಯ ಎಣಿಕೆಯೇ.

2016ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ತುರ್ತುಸ್ಥಿತಿ ಮುಗಿಯಿತು. ಹೆಚ್ಚಿನವರಿಗೆ ಒಮ್ಮೆ ಸೋಂಕು ಬಂದು ಹೋದದ್ದರಿಂದ ಅಲೆ ಇಳಿದಿತ್ತು, ಕ್ಯಾಮೆರಾಗಳೂ ಹೊರಟವು. ಬ್ರೆಜಿಲ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಉಳಿದರು, ಅವರ ತಾಯಂದಿರೂ. ನುಂಗಲು ಬಾರದ ಮಗುವಿಗೆ ಹೊಟ್ಟೆಗೆ ಕೊಳವೆ ಹಾಕಿ ಆಹಾರ ಕೊಡಬೇಕು, ಅಪಸ್ಮಾರಕ್ಕೆ ದಿನಕ್ಕೆ ಹಲವು ಬಾರಿ ಔಷಧಿ, ವಾರಕ್ಕೆ ಹಲವು ದಿನ ಬಸ್ಸಿನಲ್ಲಿ ಫಿಸಿಯೊಥೆರಪಿಗೆ. ಕೆಲಸ ಬಿಟ್ಟವರು, ಗಂಡ ಬಿಟ್ಟುಹೋದವರು ಬಹಳ ಮಂದಿ. ರೆಸಿಫೆ ಇರುವ ಪೆರ್ನಾಂಬುಕೊ ರಾಜ್ಯದ ತಾಯಂದಿರು ಸೇರಿ ಒಂದು ಸಂಘವನ್ನೇ ಕಟ್ಟಿಕೊಂಡರು. ಪರಿಹಾರ ಮತ್ತು ಜೀವನಪರ್ಯಂತ ಪಿಂಚಣಿಯ ಕಾನೂನು ಬಂದದ್ದು 2025ರಲ್ಲಿ, ಹತ್ತು ವರ್ಷ ತಡವಾಗಿ. ಅಷ್ಟರಲ್ಲಿ ಹಲವು ಮಕ್ಕಳು ತೀರಿಕೊಂಡಿದ್ದರು. ಈ ಮಕ್ಕಳು ಮೂರು ವರ್ಷದೊಳಗೆ ಸಾಯುವ ಸಂಭವ ಉಳಿದ ಮಕ್ಕಳಿಗಿಂತ ಹನ್ನೊಂದು ಪಟ್ಟು ಹೆಚ್ಚು ಎಂದು 2022ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನ ತೋರಿಸಿತು.

ಭಾರತದ ಲೆಕ್ಕ 2017ರಿಂದ ಶುರುವಾಗುತ್ತದೆ. ಅಹಮದಾಬಾದ್‌ನ ಬಾಪೂನಗರದ ಮೂರು ಪ್ರಕರಣಗಳು, ಮರುವರ್ಷ ಜೈಪುರ ಮತ್ತು ಮಧ್ಯಪ್ರದೇಶ, 2021ರಲ್ಲಿ ಕೇರಳ ಮತ್ತು ಕಾನ್ಪುರ. ಕರ್ನಾಟಕದ ಮೊದಲ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಮಗುವಿನಲ್ಲಿ ಖಚಿತವಾಯಿತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ವೈರಸ್ ಸಿಕ್ಕಿತು. ಸುತ್ತಲಿನ ಹಳ್ಳಿಗಳ ಗರ್ಭಿಣಿಯರ ಮತ್ತು ಜ್ವರ ಬಂದವರ ರಕ್ತದ ಮಾದರಿಗಳನ್ನು ಪರೀಕ್ಷೆಗೆ ಕಳಿಸಲಾಯಿತು. 2024ರಲ್ಲಿ ಪುಣೆಯಲ್ಲಿ ಸೋಂಕಿತರ ಸಂಖ್ಯೆ ನೂರು ದಾಟಿತು, ಅವರಲ್ಲಿ ಗರ್ಭಿಣಿಯರು ಹಲವರು. ಬ್ರೆಜಿಲ್‌ನಂಥ ಮೈಕ್ರೊಸೆಫಲಿಯ ಅಲೆ ಇಲ್ಲಿ ಕಂಡಿಲ್ಲ. ವೈರಸ್‌ನ ತಳಿ ಬೇರೆಯೆಂಬುದು ಒಂದು ವಾದ. ಒಂದೇ ಒಂದು ರೂಪಾಂತರದಿಂದ ಝೀಕಾ ಮಿದುಳಿಗೆ ಹೆಚ್ಚು ಕ್ರೂರವಾಯಿತು ಎಂದು 2017ರಲ್ಲಿ ಚೀನಾದ ಸಂಶೋಧಕರು ಹೇಳಿದರು, ಬೇರೆಯವರು ಅದನ್ನು ಒಪ್ಪಲಿಲ್ಲ. ಹಾಗಾಗಿ ತಳಿಯನ್ನು ನಂಬಿ ಕೂರುವಂತಿಲ್ಲ.

ಮೂರು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಬಿಡುವ ನಮ್ಮ ಬಯಲುಸೀಮೆಯ ಊರುಗಳ ಅಂಗಳಕ್ಕೆ ಹೋದರೆ ರೆಸಿಫೆಯ ಡ್ರಮ್ಮುಗಳೇ ಕಣ್ಣಿಗೆ ಬೀಳುತ್ತವೆ. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಟಾರ್ಚ್ ಹಿಡಿದು ತೊಟ್ಟಿಯೊಳಗೆ ಬಗ್ಗಿ ನೋಡುತ್ತಾರೆ. ಬೆಳಕು ಬಿದ್ದೊಡನೆ ಪುಟ್ಟ ಹುಳುಗಳು ನುಲಿಯುತ್ತ ತಳಕ್ಕಿಳಿಯುತ್ತವೆ. ಆ ನೀರನ್ನು ಚೆಲ್ಲಿ ತೊಟ್ಟಿಯ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಈಡಿಸ್ ಮೊಟ್ಟೆ ನೀರಿನ ಅಂಚಿಗೆ ಗೋಡೆಗೇ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕುತ್ತದೆ. ಬರೀ ಚೆಲ್ಲಿದರೆ ಮುಂದಿನ ಸಲ ನೀರು ತುಂಬಿದಾಗ ಮರಿಯೊಡೆಯುತ್ತದೆ. ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ರಾತ್ರಿ ಪರದೆ ಕಟ್ಟಿ ಮಲಗಿದರೆ ಸಾಲದು, ಬಸುರಿ ಹೆಂಗಸು ಮಧ್ಯಾಹ್ನ ಒರಗುವಾಗಲೂ ಪರದೆ ಇರಬೇಕು. ಸೊಳ್ಳೆಯೊಂದೇ ದಾರಿಯೂ ಅಲ್ಲ. ಸೋಂಕಿತ ಗಂಡಸಿನ ವೀರ್ಯದಲ್ಲಿ ವೈರಸ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದು ಹೆಂಡತಿಗೆ ದಾಟುತ್ತದೆ. ಸೋಂಕಿನ ಊರಿನಿಂದ ಬಂದ ಗಂಡ ಹೆಂಡತಿಯ ಬಸಿರು ಮುಗಿಯುವವರೆಗೆ ಕಾಂಡೋಮ್ ಬಳಸಬೇಕೆಂಬ ಸಲಹೆ ಅದಕ್ಕೇ. ಇದನ್ನು ಸಂಕೋಚವಿಲ್ಲದೆ ಗಂಡಂದಿರಿಗೇ ಹೇಳಬೇಕು.

ಬಸುರಿನಲ್ಲಿ ಬರುವ ಹಗುರ ಜ್ವರ ಮಗುವನ್ನು ಕೆಡಿಸಬಲ್ಲದು ಎಂದು ಜಗತ್ತಿಗೆ ಮೊದಲು ತೋರಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ಹುಟ್ಟುತ್ತಲೇ ಕಣ್ಣಲ್ಲಿ ಪೊರೆಯಿದ್ದ ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತೆಂದು ಅವರು ಗುರುತಿಸಿದರು. ರುಬೆಲ್ಲಾಕ್ಕೆ ಲಸಿಕೆ ಬಂದು ದಶಕಗಳಾದವು. ನಮ್ಮಲ್ಲಿ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಶುರುವಾಯಿತು. ಝೀಕಾಕ್ಕೆ ಇನ್ನೂ ಬಳಕೆಗೆ ಬಂದ ಲಸಿಕೆಯಿಲ್ಲ. ತಯಾರಾದ ಲಸಿಕೆಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವ ಹೊತ್ತಿಗೆ ರೋಗವೇ ಇಳಿದುಹೋಗಿತ್ತು. ಡೆಂಗಿ ಮತ್ತು ಝೀಕಾ ಪ್ರತಿಕಾಯಗಳು ಪರಸ್ಪರ ತೊಡಕಾಗಬಹುದೆಂಬ ಭಯವೂ ಬಿಟ್ಟಿಲ್ಲ.

ಅದರಿಂದಾಗಿ ಸದ್ಯಕ್ಕೆ ಕೈಯಲ್ಲಿರುವುದು ನಿಗಾ ಒಂದೇ. ಪುಣೆಯ ಪ್ರಕರಣಗಳ ನಂತರ 2024ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು: ಸೋಂಕಿನ ಪ್ರದೇಶದ ಗರ್ಭಿಣಿಯರನ್ನು ಪರೀಕ್ಷಿಸಿ, ಪಾಸಿಟಿವ್ ಬಂದವರ ಭ್ರೂಣದ ಬೆಳವಣಿಗೆಯನ್ನು ನೋಡುತ್ತಿರಿ. ಸ್ಕ್ಯಾನಿಂಗ್‌ನಲ್ಲಿ ವೈದ್ಯರು ತಲೆಯ ಸುತ್ತಳತೆ ವಾರಕ್ಕೆ ತಕ್ಕಂತೆ ಹೆಚ್ಚುತ್ತಿದೆಯೇ, ಮಿದುಳಿನ ನಡುವಿನ ನೀರಿನ ಕೋಣೆಗಳು ಹಿಗ್ಗಿವೆಯೇ, ಸುಣ್ಣದ ಬಿಳಿ ಚುಕ್ಕೆಗಳಿವೆಯೇ ಎಂದು ನೋಡುತ್ತಾರೆ. ಹಾನಿ ತೀವ್ರವಾಗಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಬ್ರೆಜಿಲ್‌ನ ಬಡ ಹೆಂಗಸರ ಮುಂದೆ ಬರಲೇ ಇಲ್ಲ, ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ನಮ್ಮಲ್ಲಿ 2021ರ ತಿದ್ದುಪಡಿಯ ನಂತರ, ಭ್ರೂಣಕ್ಕೆ ಗಂಭೀರ ತೊಂದರೆಯಿದೆ ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಅವಕಾಶವಿದೆ. ನಿರ್ಧಾರ ತಾಯಿಯದು, ಆದರೆ ಅದಕ್ಕೆ ಬೇಕಾದ ಮಾಹಿತಿ ಆಕೆಗೆ ಸಮಯಕ್ಕೆ ಸಿಗಬೇಕು. ಸ್ಕ್ಯಾನ್ ಸರಿಯಿದ್ದು ಮಗು ಹುಟ್ಟಿದರೂ ನಿಗಾ ನಿಲ್ಲುವಂತಿಲ್ಲ. ಸೋಂಕಿತ ತಾಯಿಯ ಮಗುವಿನ ಕಣ್ಣು, ಕಿವಿ ಪರೀಕ್ಷೆ ಆಗಲೇಬೇಕು. ಲಸಿಕೆಗೆಂದು ಬಂದಾಗಲೆಲ್ಲ ತಲೆಯ ಸುತ್ತಳತೆ ತೆಗೆದು ತಾಯಿ ಕಾರ್ಡಿನಲ್ಲಿ ಬರೆಯಬೇಕು, ಕನಿಷ್ಠ ಎರಡು ವರ್ಷ ತುಂಬುವವರೆಗೆ.